ಕಸ ಅಗೆದವರಿಗೇ ಕನಕ

ಕಡಲದಂಡೆಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ನಡೆಯುವುದು ಅಮೆರಿಕ, ಯುರೋಪುಗಳಲ್ಲಿ ಸಾವಿರಾರು ಜನರ ಬಿಡುವಿನ ಹವ್ಯಾಸ. ಫ್ಲೋರಿಡಾದ ‘ನಿಧಿ ಕರಾವಳಿ’ ಈ ಹವ್ಯಾಸಕ್ಕೆ ಕಾಶಿಯಿದ್ದ ಹಾಗೆ. ಅಲ್ಲಿ ಮರಳಿನಡಿ ಏನಿದೆ, ಅದು ಯಾರ ಕೈಗೆ ಸಿಗುತ್ತದೆ, ಸಿಕ್ಕ ಮೇಲೆ ಯಾರದ್ದಾಗುತ್ತದೆ?

ಚಂಡಮಾರುತ ಬರುತ್ತಿದೆ ಎಂಬ ಸುದ್ದಿ ಬಂದರೆ ಫ್ಲೋರಿಡಾದ ಪೂರ್ವ ಕರಾವಳಿಯ ಜನ ಕಿಟಕಿಗಳಿಗೆ ಹಲಗೆ ಬಡಿದು, ಕಾರಿಗೆ ಪೆಟ್ರೋಲು ತುಂಬಿಸಿಕೊಂಡು ಒಳನಾಡಿನತ್ತ ಹೊರಡುತ್ತಾರೆ. ಗಾಳಿ ಅಡಗಿ ರಸ್ತೆಗಳು ತೆರೆದುಕೊಂಡ ಕೂಡಲೇ ಕೆಲವರು ಮಾತ್ರ ನೇರವಾಗಿ ಸಮುದ್ರದ ಕಡೆ ನಡೆಯುತ್ತಾರೆ. ಕಿವಿಗೆ ಹೆಡ್‌ಫೋನ್, ಒಂದು ಕೈಯಲ್ಲಿ ಡಿಟೆಕ್ಟರ್, ಇನ್ನೊಂದರಲ್ಲಿ ಉದ್ದ ಹಿಡಿಯ, ತೂತುಗಳಿರುವ ಉಕ್ಕಿನ ಸ್ಕೂಪ್. ಸೊಂಟದಲ್ಲಿ ಎರಡು ಚೀಲ. ಒಂದು ಸಿಕ್ಕಿದ್ದಕ್ಕೆ, ಇನ್ನೊಂದು ಕಸಕ್ಕೆ. ಹಿಂದಿನ ವಾರ ಇಳಿಜಾರಾಗಿದ್ದ ದಂಡೆ ಈಗ ಆಳೆತ್ತರದ ಮರಳಿನ ಗೋಡೆಯಾಗಿ ನಿಂತಿರುತ್ತದೆ. ನಮ್ಮ ಉಳ್ಳಾಲ, ಮರವಂತೆಯವರು ಕಡಲ್ಕೊರೆತ ಎಂದು ಹೆದರಿ ಹೇಳುವ ಇದೇ ದೃಶ್ಯಕ್ಕಾಗಿ ಅವರು ವರ್ಷವಿಡೀ ಕಾದಿರುತ್ತಾರೆ. ಮರಳು ಸರಿದಷ್ಟೂ ಹಳೆಯ ಕಾಲ ಹತ್ತಿರವಾಗುತ್ತದೆ.

ಸೆಬಾಸ್ಟಿಯನ್‌ನಿಂದ ವೀರೋ ಬೀಚ್ ದಾಟಿ ಫೋರ್ಟ್ ಪಿಯರ್ಸ್‌ನತ್ತ ಸಾಗುವ ಸುಮಾರು ಐವತ್ತು ಕಿಲೋಮೀಟರ್ ದಂಡೆಯ ಕಥೆ ಶುರುವಾಗುವುದು 1715ರಲ್ಲಿ. ಆ ವರ್ಷ ಜುಲೈ 24ರಂದು ಸ್ಪೇನಿನ ಹಡಗುಪಡೆ ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ಟಂಕಸಾಲೆಗಳ ಬೆಳ್ಳಿ, ಚಿನ್ನ ಹೇರಿಕೊಂಡು ಹವಾನಾದಿಂದ ಹೊರಟಿತು. ಜೊತೆಗೊಂದು ಫ್ರೆಂಚ್ ಹಡಗೂ ಇತ್ತು. ಜುಲೈ 31ರ ನಸುಕಿನಲ್ಲಿ ಚಂಡಮಾರುತ ಬಡಿಯಿತು. ಒಟ್ಟು ಹನ್ನೆರಡು ಹಡಗುಗಳಲ್ಲಿ ಉಳಿದದ್ದು ಆ ಫ್ರೆಂಚ್ ಹಡಗೊಂದೇ. ಮಿಕ್ಕ ಹನ್ನೊಂದೂ ದಂಡೆಯ ಬಳಿಯ ಬಂಡೆಸಾಲುಗಳಿಗೆ ಅಪ್ಪಳಿಸಿ ಒಡೆದವು. ಸಾವಿರದಷ್ಟು ಜನ ಸತ್ತರು. ದಡ ಸೇರಿದವರು ಮರಳದಿಬ್ಬಗಳ ಮರೆಯಲ್ಲಿ ಬಿಡಾರ ಹೂಡಿದರು. ಸ್ಪೇನಿನವರು ಮುಳುಗುಗಾರರನ್ನು ಇಳಿಸಿ ದೊಡ್ಡ ಪಾಲನ್ನು ಮೇಲೆತ್ತಿಕೊಂಡರು. ಎತ್ತಿದ್ದರಲ್ಲಿ ಒಂದಿಷ್ಟನ್ನು ಹೆನ್ರಿ ಜೆನ್ನಿಂಗ್ಸ್ ಎಂಬಾತ ಜಮೈಕಾದಿಂದ ಬಂದು ದೋಚಿದ. ಉಳಿದದ್ದನ್ನು ಸಮುದ್ರ ಇಟ್ಟುಕೊಂಡಿತು. ಮೂರು ಶತಮಾನಗಳಿಂದ ಆಗೊಂದು ಈಗೊಂದು ನಾಣ್ಯವಾಗಿ ಹೊರಗೆ ಕೊಡುತ್ತ ಬಂದಿದೆ.

‘ಇಲ್ಲೇ ಯಾಕೆ?’ ಎಂದು ಕೇಳಿದವರು

ಎರಡನೇ ಮಹಾಯುದ್ಧದ ನಂತರ ಸೆಬಾಸ್ಟಿಯನ್‌ಗೆ ಬಂದು ನೆಲೆಸಿದ ಕಿಪ್ ವ್ಯಾಗ್ನರ್ ಮನೆ ಕಟ್ಟಿಸುವ ಗುತ್ತಿಗೆದಾರರು. ಬಿರುಗಾಳಿಯ ಮರುದಿನ ದಂಡೆಯಲ್ಲಿ ಹಳೆಯ ನಾಣ್ಯ ಸಿಗುತ್ತವೆ ಎಂಬುದು ಊರಲ್ಲಿ ಹಲವರಿಗೆ ಗೊತ್ತಿತ್ತು. ಸಿಕ್ಕವರು ಸಂತೋಷಪಟ್ಟು ಸುಮ್ಮನಾಗುತ್ತಿದ್ದರು. ವ್ಯಾಗ್ನರ್ ಸುಮ್ಮನಾಗಲಿಲ್ಲ. ತಮಗೆ ಸಿಕ್ಕ ನಾಣ್ಯಗಳ ಇಸವಿಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ ಒಂದೂ 1715ರ ಈಚಿನದಾಗಿರಲಿಲ್ಲ. ಹಾಗಾದರೆ ಇವೆಲ್ಲ ಒಂದೇ ದುರಂತದವು ಎಂಬ ತೀರ್ಮಾನಕ್ಕೆ ಬಂದರು. ಆ ಹಡಗುಗಳು ಮುಳುಗಿದ್ದು ಅಲ್ಲಿಂದ ಬಹುದೂರ ದಕ್ಷಿಣದಲ್ಲಿ ಎಂಬ ನಂಬಿಕೆಯಿದ್ದ ಕಾಲವದು.

ವ್ಯಾಗ್ನರ್ ಅವರ ಗೆಳೆಯ, ವೈದ್ಯ ಕಿಪ್ ಕೆಲ್ಸೊ, ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹುಡುಕಿ, ಬರ್ನಾರ್ಡ್ ರೋಮನ್ಸ್ 1775ರಲ್ಲಿ ಫ್ಲೋರಿಡಾದ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಈ ಅಪಘಾತದ ಜಾಗವನ್ನು ಕಂಡುಹಿಡಿದರು. ಸ್ಪೇನಿನ ಸೆವಿಲ್‌ನ ದಫ್ತರಖಾನೆಯಿಂದಲೂ ದಾಖಲೆಗಳ ಪ್ರತಿ ತರಿಸಿಕೊಂಡರು. ವ್ಯಾಗ್ನರ್ ಸೈನ್ಯದವರು ಮಾರಿಹಾಕಿದ ಹಳೆಯ ಡಿಟೆಕ್ಟರ್ ಒಂದನ್ನು ಹದಿನೈದು ಡಾಲರಿಗೆ ಕೊಂಡು ದಿಬ್ಬಗಳ ಹಿಂದಿನ ಕುರುಚಲು ಕಾಡನ್ನು ಅಡಿಯಡಿಯಾಗಿ ಶೋಧಿಸಿದರು. ಅಲ್ಲಿ ಸಿಕ್ಕಿದ್ದು ಹಡಗಿನ ಮೊಳೆಗಳು, ಫಿರಂಗಿ ಗುಂಡುಗಳು, ಕೊನೆಗೊಂದು ವಜ್ರದ ಉಂಗುರ. ಅದು ಬದುಕುಳಿದವರ ಬಿಡಾರವಾಗಿತ್ತು. ಆಮೇಲೆ ಸಣ್ಣ ವಿಮಾನ ಹತ್ತಿ ಮೇಲಿನಿಂದ ನೀರಿನ ತಳದ ಫಿರಂಗಿಗಳನ್ನು ಗುರುತಿಸಿದರು. 1960ರ ದಶಕದ ಆರಂಭದಲ್ಲಿ ಗೆಳೆಯರನ್ನು ಕೂಡಿಕೊಂಡು ‘ರಿಯಲ್ ಏಟ್’ ಎಂಬ ಸಂಸ್ಥೆ ಕಟ್ಟಿದರು. 1965ರ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ ಲೇಖನ ಪ್ರಕಟಿಸಿದಾಗ ಜಗತ್ತೆಲ್ಲ ಇತ್ತ ತಿರುಗಿತು. ಬಿಡಾರವಿದ್ದ ನೆಲದಲ್ಲಿ ಇಂದು ಮೆಕ್‌ಲಾರ್ಟಿ ವಸ್ತುಸಂಗ್ರಹಾಲಯವಿದೆ.

ವ್ಯಾಗ್ನರ್ ಅವರ ಹೆಸರು ಉಳಿದಿರುವುದು ಅವರಿಗೆ ಸಿಕ್ಕ ಚಿನ್ನದಿಂದ ಎಂದು ಜನ ತಿಳಿಯುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಆ ದಂಡೆಯಲ್ಲಿ ನಾಣ್ಯ ಆಯ್ದವರು ಅವರಿಗಿಂತ ಮೊದಲೂ ಇದ್ದರು. ಆಯ್ದ ನಾಣ್ಯವನ್ನು ಪ್ರಶ್ನೆಯಾಗಿ ನೋಡಿದವರು, ಮೊಳೆಯನ್ನೂ ನಾಣ್ಯದಷ್ಟೇ ಜತನದಿಂದ ಎತ್ತಿಟ್ಟುಕೊಂಡವರು ಅವರು. ಈ ಹವ್ಯಾಸದ ಮರ್ಮವೆಲ್ಲ ಅಲ್ಲೇ ಇದೆ.

ಗುಂಡಿನಿಂದ ಶುರುವಾದ ಯಂತ್ರ

ಮೆಟಲ್ ಡಿಟೆಕ್ಟರ್ ಹುಟ್ಟಿದ್ದು ನಿಧಿ ಹುಡುಕಲು ಅಲ್ಲ, ಜೀವ ಉಳಿಸಲು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರಿಗೆ ಗುಂಡು ಬಿತ್ತು. ದೇಹದೊಳಗೆ ಗುಂಡು ಎಲ್ಲಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನ್ ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಎರಡು ತಂತಿಸುರುಳಿಗಳನ್ನು ಟೆಲಿಫೋನಿಗೆ ಜೋಡಿಸಿ, ಲೋಹ ಹತ್ತಿರವಾದರೆ ಸದ್ದು ಮಾಡುವ ಸಾಧನ ತಯಾರಿಸಿ ಹಾಸಿಗೆಯ ಬಳಿಗೆ ತಂದರು. ಸದ್ದೇನೋ ಬಂತು, ಆದರೆ ಎಲ್ಲೆಡೆಯೂ ಬಂತು. ಹಾಸಿಗೆಯ ಕೆಳಗೆ ಉಕ್ಕಿನ ಸ್ಪ್ರಿಂಗುಗಳಿದ್ದವು. ಮುಖ್ಯ ವೈದ್ಯರು ಬಲಮಗ್ಗುಲನ್ನು ಮಾತ್ರ ಶೋಧಿಸಲು ಬಿಟ್ಟರು, ಗುಂಡು ಎಡಕ್ಕಿತ್ತು. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಯಂತ್ರ ಸರಿಯಿದ್ದರೂ ಸುತ್ತಲಿನ ಲೋಹ ಅದನ್ನು ದಾರಿ ತಪ್ಪಿಸಬಲ್ಲದು ಎಂಬ ಪಾಠ ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ.

ಮುಂದಿನ ದೊಡ್ಡ ಹೆಜ್ಜೆ ಇಟ್ಟವರು ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ. ತಾಯ್ನಾಡು ನಾಜಿಗಳ ವಶವಾದ ಮೇಲೆ ಬ್ರಿಟನ್ನಿನಲ್ಲಿದ್ದುಕೊಂಡು ಒಬ್ಬ ಸೈನಿಕ ಹೊತ್ತು ನಡೆಯಬಹುದಾದ ನೆಲಬಾಂಬ್ ಶೋಧಕವನ್ನು ರೂಪಿಸಿದರು. ಅದಕ್ಕೆ ಪೇಟೆಂಟ್ ಪಡೆಯದೆ ಬ್ರಿಟಿಷ್ ಸೇನೆಗೆ ಬಿಟ್ಟುಕೊಟ್ಟರು. 1942ರ ಎಲ್ ಅಲಮೇನ್ ಕದನದಲ್ಲಿ ಮರುಭೂಮಿಯ ಮರಳಿನಲ್ಲಿ ಹುಗಿದಿದ್ದ ಬಾಂಬುಗಳ ನಡುವೆ ಐನೂರರಷ್ಟು ಯಂತ್ರಗಳು ದಾರಿ ತೆರೆದವು. ಯುದ್ಧ ಮುಗಿದ ಮೇಲೆ ಇಂಥ ಯಂತ್ರಗಳು ಗುಜರಿಯ ಬೆಲೆಗೆ ಮಾರುಕಟ್ಟೆಗೆ ಬಂದವು. ವ್ಯಾಗ್ನರ್ ಕೊಂಡದ್ದು ಅಂಥದೇ ಒಂದನ್ನು. ಹವ್ಯಾಸಿಗಳಿಗೆಂದೇ ಹಗುರ ಯಂತ್ರ ಮಾಡುವ ಗ್ಯಾರೆಟ್ ಕಂಪನಿ ಟೆಕ್ಸಸ್‌ನಲ್ಲಿ ಶುರುವಾದದ್ದು 1964ರಲ್ಲಿ. ಆಸ್ಟ್ರೇಲಿಯಾದ ಮೈನ್‌ಲ್ಯಾಬ್ 1985ರಲ್ಲಿ.

ಯಂತ್ರಕ್ಕೆ ಚಿನ್ನ ಗೊತ್ತಿಲ್ಲ

ಡಿಟೆಕ್ಟರಿನ ತುದಿಯಲ್ಲಿರುವ ತಂತಿಸುರುಳಿಯಲ್ಲಿ ವಿದ್ಯುತ್ ಒಂದೇ ಸಮನೆ ದಿಕ್ಕು ಬದಲಿಸುತ್ತ ಹರಿಯುತ್ತದೆ. ಇದರಿಂದ ನೆಲದೊಳಗೆ ಕಾಂತಕ್ಷೇತ್ರ ಏರುತ್ತ ಇಳಿಯುತ್ತ ಇರುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ಪುಟ್ಟ ಸುಳಿಗಳಾಗಿ ವಿದ್ಯುತ್ ಹರಿದು ತನ್ನದೇ ಕಾಂತಕ್ಷೇತ್ರ ಉಂಟುಮಾಡುತ್ತದೆ. ಇನ್ನೊಂದು ಸುರುಳಿ ಆ ಮಾರುತ್ತರವನ್ನು ಹಿಡಿಯುತ್ತದೆ. ಕಳಿಸಿದ್ದಕ್ಕೂ ಬಂದದ್ದಕ್ಕೂ ನಡುವೆ ಎಷ್ಟು ತಡವಾಯಿತು ಎಂಬುದರಿಂದ ವಸ್ತು ಎಷ್ಟು ಸರಾಗವಾಗಿ ವಿದ್ಯುತ್ ಹರಿಸುತ್ತದೆ ಎಂದು ಅಂದಾಜು ಮಾಡಿ, ಯಂತ್ರ ಒಂದು ಸ್ವರವನ್ನೂ ಪರದೆಯ ಮೇಲೆ ಒಂದು ಅಂಕಿಯನ್ನೂ ಕೊಡುತ್ತದೆ. ಕಬ್ಬಿಣಕ್ಕೆ ಸಾಮಾನ್ಯವಾಗಿ ಗೊಗ್ಗರು ದನಿ, ದಪ್ಪ ಬೆಳ್ಳಿಗೆ ಎತ್ತರದ ದನಿ.

ತೊಡಕು ಇರುವುದು ಚಿನ್ನದಲ್ಲಿ. ಅಪ್ಪಟ ಚಿನ್ನ ಒಳ್ಳೆಯ ವಿದ್ಯುತ್ ವಾಹಕ. ಆದರೆ ಅಮೆರಿಕದ ಮದುವೆ ಉಂಗುರ ಹೆಚ್ಚಾಗಿ ಹದಿನಾಲ್ಕು ಕ್ಯಾರೆಟ್ಟಿನದು. ಬೇರೆ ಲೋಹ ಬೆರೆತ ಕೂಡಲೇ ಅದರ ವಾಹಕ ಗುಣ ಕುಸಿಯುತ್ತದೆ. ಆಗ ಅದು ಯಂತ್ರದ ಅಂಕಿಯಲ್ಲಿ ಬಂದು ನಿಲ್ಲುವುದು ಅಲ್ಯೂಮಿನಿಯಂ ಹಾಳೆಯ ಚೂರು, ತಂಪುಪಾನೀಯ ಡಬ್ಬಿಯ ಮುಚ್ಚಳದ ಕೊಂಡಿ ಇವುಗಳ ಪಕ್ಕದಲ್ಲಿ. ಎರ್ಮಲ್ ಫ್ರೇಜ್ ರೂಪಿಸಿದ, ಉಂಗುರಕ್ಕೆ ಬೆರಳು ಸಿಕ್ಕಿಸಿ ಕಿತ್ತೆಸೆಯುವ ಕೊಂಡಿ 1960ರ ದಶಕದಲ್ಲಿ ಬಂತು. ಡಬ್ಬಿಗೇ ಅಂಟಿಕೊಂಡಿರುವ ಈಗಿನ ನಮೂನೆ 1975ರ ನಂತರ ಬಂತು. ನಡುವಿನ ವರ್ಷಗಳಲ್ಲಿ ದಂಡೆಗೆ ಬಂದವರೆಲ್ಲ ಕಿತ್ತೆಸೆದ ಕೊಂಡಿಗಳು ಇಂದಿಗೂ ಮರಳಿನೊಳಗಿವೆ. ಅವುಗಳ ದನಿಯನ್ನು ಮುಚ್ಚಿಬಿಡಲು ಯಂತ್ರದಲ್ಲಿ ಗುಂಡಿಯಿದೆ. ಅದನ್ನು ಒತ್ತಿದವರಿಗೆ ಕೊಂಡಿಗಳ ಕಾಟ ತಪ್ಪುತ್ತದೆ, ಜೊತೆಗೆ ಉಂಗುರವೂ ತಪ್ಪುತ್ತದೆ. ಕಸ ಅಗೆಯಲು ಬೇಸರಪಡುವವರ ಕಾಲಡಿಯಲ್ಲೇ ಕನಕ ಉಳಿದುಬಿಡುತ್ತದೆ. ಹಳಬರೆಲ್ಲ ಹೊಸಬರಿಗೆ ಮೊದಲು ಹೇಳುವ ಮಾತು: ದಂಡೆಯಲ್ಲಿ ಕಬ್ಬಿಣವಲ್ಲದ ದನಿ ಯಾವುದೇ ಇರಲಿ, ಅಗೆದು ನೋಡು.

ಸರಗಳ ವಿಷಯ ಇನ್ನೂ ಕಷ್ಟ. ಉಂಗುರ ಮುಚ್ಚಿದ ವರ್ತುಲ, ಅದರಲ್ಲಿ ವಿದ್ಯುತ್ ಸುತ್ತು ಹಾಕಬಲ್ಲದು. ಸರದ ಕೊಂಡಿಗಳು ಒಂದಕ್ಕೊಂದು ಸರಿಯಾಗಿ ತಾಗಿರುವುದಿಲ್ಲ, ಯಂತ್ರಕ್ಕೆ ಅವು ಬಿಡಿಬಿಡಿ ಚೂರುಗಳು. ಎಷ್ಟೇ ತೂಕದ ಸರವಾದರೂ ಸದ್ದು ಕ್ಷೀಣ. ನಮ್ಮ ಹೆಣ್ಣುಮಗಳೊಬ್ಬಳು ನೀರಿಗಿಳಿದಾಗ ಕರಿಮಣಿ ಸರ ಜಾರಿಹೋದರೆ, ಮರಳಿನಿಂದ ಕೂಗಿ ಹೇಳುವುದು ಸರವಲ್ಲ, ಅದರ ತಾಳಿಬೊಟ್ಟು. 1715ರ ಹಡಗುಗಳ ಅತ್ಯಂತ ಹೆಸರಾದ ಒಡವೆಯೂ ಒಂದು ಸರವೇ: ಹನ್ನೊಂದು ಅಡಿಗೂ ಉದ್ದ, 2,176 ಚಿನ್ನದ ಕೊಂಡಿಗಳು, ತುದಿಗೊಂದು ಡ್ರ್ಯಾಗನ್ ಪದಕ. ಊದಿದರೆ ಆ ಡ್ರ್ಯಾಗನ್ ಸೀಟಿಯಾಗುತ್ತದೆ; ಒಳಗಿಂದ ಹಲ್ಲುಕಡ್ಡಿ ಹೊರಳಿ ಬರುತ್ತದೆ, ಬಾಲವೇ ಕಿವಿಯ ಕುಗ್ಗೆ ತೆಗೆಯುವ ಚಮಚ. 1962ರಲ್ಲಿ ಬಿರುಗಾಳಿಯ ನಂತರ ದಂಡೆಯ ಮೇಲೆ ಅದು ಸಿಕ್ಕಿದ್ದು ವ್ಯಾಗ್ನರ್ ಅವರ ಸೋದರಳಿಯನಿಗೆ. ಹಡಗುಪಡೆಯ ನಾಯಕ ಉಬಿಯಾನದೇ ಇರಬೇಕೆಂದು ಊಹೆ.

ದಂಡೆ ಓದುವ ವಿದ್ಯೆ

ನುರಿತವರು ಯಂತ್ರ ಚಾಲೂ ಮಾಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡುತ್ತಾರೆ. ಅಲೆ ಎಲ್ಲಿ ಒಡೆಯುತ್ತಿದೆ, ಇಳಿತದಲ್ಲಿ ನೀರು ಎಲ್ಲಿ ಕಾಲುವೆ ಕೊರೆದು ವಾಪಸಾಗುತ್ತಿದೆ, ಚಿಪ್ಪು ಮತ್ತು ಕಪ್ಪು ಮರಳು ಎಲ್ಲಿ ಪಟ್ಟೆಯಾಗಿ ಕೂತಿದೆ. ಇದರ ಹಿಂದಿರುವುದು ಸಾಂದ್ರತೆಯ ಲೆಕ್ಕ. ಮರಳಿನ ಸಾಂದ್ರತೆ ನೀರಿನ 2.65 ಪಟ್ಟು. ಅಲ್ಯೂಮಿನಿಯಂನದು 2.7. ಎರಡೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಡಬ್ಬಿಯ ಕೊಂಡಿ ಮರಳಿನ ಜೊತೆ ಮರಳಾಗಿ ಹೋದಲ್ಲೆಲ್ಲ ಹೋಗುತ್ತದೆ. ಬೆಳ್ಳಿ 10.5, ಸೀಸ 11.3, ಅಪ್ಪಟ ಚಿನ್ನ 19.3. ಅಲೆ ಮರಳನ್ನು ಕಲಕಿದಾಗಲೆಲ್ಲ ಇವು ಕೆಳಗಿಳಿಯುತ್ತವೆ. ಗಟ್ಟಿ ಜೇಡಿಯೋ ಚಿಪ್ಪಿನ ಹಾಸೋ ತಡೆದಲ್ಲಿ ನಿಲ್ಲುತ್ತವೆ. ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಿಗೆಯಲ್ಲಿ ಮಣ್ಣು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದದ್ದೂ ಇದೇ ನಿಯಮದಿಂದ. ಹಗುರಾದದ್ದು ನೀರಿನೊಡನೆ ಹೊರಗೆ, ಭಾರವಾದದ್ದು ತಳಕ್ಕೆ. ಇಲ್ಲಿ ಆ ಕೆಲಸವನ್ನು ಸಮುದ್ರ ತಾನೇ ಮಾಡುತ್ತದೆ.

ಹೀಗಾಗಿ ಮೀನು ಹಿಡಿಯುವವರ ಗಾಳದ ಸೀಸದ ಗುಂಡು ಸಿಕ್ಕರೆ ಹವ್ಯಾಸಿಯ ಕಿವಿ ನೆಟ್ಟಗಾಗುತ್ತದೆ. ಕೊಂಡಿಗಳಷ್ಟೇ ಸಿಗುತ್ತಿದ್ದರೆ ಮೇಲೆ ಹೊಸ ಮರಳು ಕೂತಿದೆ ಎಂದರ್ಥ, ಜಾಗ ಬಿಡಬೇಕು. ಸೀಸದ ಗುಂಡು, ಹಳೆಯ ನಾಣ್ಯ ಒಂದರ ಹಿಂದೊಂದು ಬರುತ್ತಿದ್ದರೆ ಅಲ್ಲಿ ಭಾರದ ವಸ್ತುಗಳು ಸಾಲುಗಟ್ಟಿವೆ, ಕಾಲು ಕೀಳಬಾರದು. ಕಸವೇ ಇಲ್ಲಿ ದಾರಿಗಲ್ಲು. ಕಸದ ಚೀಲದಲ್ಲಿ ಏನೇನಿದೆ ಎಂದು ನೋಡಿದರೆ ಆ ದಿನದ ದಂಡೆಯ ಸ್ಥಿತಿಗತಿ ತಿಳಿಯುತ್ತದೆ.

ದಂಡೆಯ ಮೇಲಿನ ಒಣಮರಳು ಬೇರೆಯೇ ಲೋಕ. ಜನ ಬಟ್ಟೆ ಹಾಸಿ ಕೂರುವ ಸಾಲಿನಲ್ಲಿ ಜೇಬಿನ ಚಿಲ್ಲರೆ, ಬೀಗದ ಕೈ, ಕಿವಿಯೋಲೆ. ಉಂಗುರಗಳು ಹೆಚ್ಚಾಗಿ ಸಿಗುವುದು ಸೊಂಟಮಟ್ಟದ ನೀರಿರುವಲ್ಲಿ. ತಣ್ಣೀರಿಗೆ ಬೆರಳು ಕುಗ್ಗುತ್ತದೆ, ಮೈಗೆ ಹಚ್ಚಿದ ಎಣ್ಣೆ ಜಾರಿಸುತ್ತದೆ, ಅಲೆ ಎಳೆಯುತ್ತದೆ. ಕಳೆದುಕೊಂಡವರಿಗೆ ಗೊತ್ತಾಗುವುದು ದಡಕ್ಕೆ ಬಂದ ಮೇಲೆ.

ಅಂಗೈ ಮೇಲೆ ಕಂಡದ್ದು

ಎಂಟು ರಿಯಾಲಿನ ಬೆಳ್ಳಿ ನಾಣ್ಯ ಮರಳಿನಿಂದ ಬಂದಾಗ ನಾಣ್ಯವೆಂದು ಹೇಳಲಾಗುವುದಿಲ್ಲ. ಕಪ್ಪಗೆ, ಅಂಚು ಮೊಂಡಾಗಿ, ಯಾವ ಲೆಕ್ಕದ ಆಕಾರವೂ ಇಲ್ಲದೆ ಇರುತ್ತದೆ. ಉಪ್ಪುನೀರಿನಲ್ಲಿ ಬೆಳ್ಳಿ ಗಂಧಕದೊಡನೆ ಬೆರೆತು ಕಪ್ಪು ಹೊರಪದರವಾಗಿರುತ್ತದೆ. ಕೈಗೆತ್ತಿಕೊಂಡಾಗ ಅನಿಸುವ ತೂಕವೇ ಮೊದಲ ಸುಳಿವು. ಹೊಸದರಲ್ಲಿ ಅದು ಸುಮಾರು 27 ಗ್ರಾಂ. ಮೆಕ್ಸಿಕೊದ ಟಂಕಸಾಲೆಯಲ್ಲಿ ಬೆಳ್ಳಿಯ ಗಟ್ಟಿಯಿಂದ ತುಂಡು ಕತ್ತರಿಸಿ, ತೂಕ ಸರಿಹೋಗುವವರೆಗೆ ಅಂಚು ಕತ್ತರಿಸುತ್ತ ಹೋಗಿ, ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ತೂಕ ಕರಾರುವಾಕ್ಕು, ಆಕಾರ ಹೇಗೋ ಹಾಗೆ. ಹಾಗಾಗಿಯೇ ಇಸವಿಯ ಅಂಕಿಗಳು ಎಷ್ಟೋ ಸಲ ಅಂಚಿನಾಚೆ ಹೋಗಿಬಿಟ್ಟಿರುತ್ತವೆ. ಬಲ್ಲವರು ಓರೆಯಾಗಿ ಬೆಳಕು ಹಾಯಿಸಿ ನೋಡುತ್ತಾರೆ. ಒಂದು ಬದಿಗೆ ಶಿಲುಬೆ, ಇನ್ನೊಂದು ಬದಿಗೆ ರಾಜನ ಲಾಂಛನ. ಪಕ್ಕದಲ್ಲಿ ‘ಎಂ’ ಅಕ್ಷರದ ತಲೆಯ ಮೇಲೊಂದು ಪುಟ್ಟ ಸೊನ್ನೆ: ಅದು ಮೆಕ್ಸಿಕೊದ ಗುರುತು. ಕೆಳಗೆ ಬೆಳ್ಳಿಯ ಗುಣ ಪರೀಕ್ಷಿಸಿದ ಅಧಿಕಾರಿಯ ಹೆಸರಿನ ಮೊದಲಕ್ಷರ. ಇನ್ನೂರು ಮುನ್ನೂರು ವರ್ಷ ಅಲೆಯಲ್ಲಿ ಹೊರಳಿದ ನಾಣ್ಯಗಳು ಬ್ಲೇಡಿನಷ್ಟು ತೆಳ್ಳಗಾಗಿ, ಯಂತ್ರಕ್ಕೂ ಸರಿಯಾಗಿ ಕೇಳಿಸದಂತಾಗಿರುತ್ತವೆ. ಇಂಥದ್ದನ್ನು ಉಜ್ಜಬಾರದು. ಕಪ್ಪು ಪದರದೊಳಗೇ ಅಚ್ಚು ಉಳಿದಿರುವುದರಿಂದ ಉಜ್ಜಿದರೆ ಅಳಿಸಿಹೋಗುವುದು ಇತಿಹಾಸವೇ. ಚಿನ್ನದ ನಾಣ್ಯ ಮಾತ್ರ ನಿನ್ನೆ ಬಿದ್ದದ್ದೋ ಎಂಬಂತೆ ಹೊಳೆಯುತ್ತ ಬರುತ್ತದೆ. ಸಮುದ್ರಕ್ಕೆ ಅದನ್ನು ಏನೂ ಮಾಡಲಾಗಿಲ್ಲ.

ಅದೇ ದಂಡೆಯಲ್ಲಿ ಇನ್ನೊಂದು ಕಾಲವೂ ಹೂತಿದೆ. 1943ರಿಂದ 46ರವರೆಗೆ ಫೋರ್ಟ್ ಪಿಯರ್ಸ್ ಅಮೆರಿಕದ ನೌಕಾಪಡೆಯ ತರಬೇತಿ ನೆಲೆಯಾಗಿತ್ತು. ನಾರ್ಮಂಡಿಯಂಥ ದಂಡೆಗಳಲ್ಲಿ ಶತ್ರು ನೆಟ್ಟ ಅಡೆತಡೆಗಳನ್ನು ಸಿಡಿಸುವುದನ್ನು ಮುಳುಗು ಸೈನಿಕರು ಕಲಿತದ್ದು ಇಲ್ಲಿ. ಅವರ ಗುಂಡುಗಳು, ಖಾಲಿ ತೋಟಾಗಳು ಇವತ್ತಿಗೂ ಸ್ಕೂಪಿಗೆ ಬರುತ್ತವೆ. ಸ್ಪೇನಿನ ಮೊಳೆ, ಯುದ್ಧದ ತೋಟಾ, ತಂಪುಪಾನೀಯದ ಕೊಂಡಿ, ಕಳೆದ ಬೇಸಿಗೆಯ ಉಂಗುರ ಒಂದೇ ಗುಂಡಿಯಲ್ಲಿ ಸಿಗಬಹುದಾದ ಜಾಗಗಳು ಲೋಕದಲ್ಲಿ ಹೆಚ್ಚಿಲ್ಲ.

ಬರಿಗೈಯ ದಿನಗಳು

ಪೆಟ್ಟುಗಳೂ ಸಾಕಷ್ಟಿವೆ. ಮೊದಲ ವೈರಿ ಉಪ್ಪುನೀರೇ. ಅದು ಸ್ವತಃ ವಿದ್ಯುತ್ ವಾಹಕ, ಹಸಿ ಮರಳಿನ ಮೇಲೆ ಸಾಧಾರಣ ಯಂತ್ರ ಏನೂ ಇಲ್ಲದಲ್ಲೂ ಒದರುತ್ತದೆ. ಏಕಕಾಲಕ್ಕೆ ಹಲವು ತರಂಗಾಂತರ ಕಳಿಸುವ ಯಂತ್ರಗಳು ಈ ಗದ್ದಲವನ್ನು ಕಳೆದು ಕೇಳಿಸಿಕೊಳ್ಳಬಲ್ಲವು. ಮಿಡಿತಗಳನ್ನು ಕಳಿಸುವ ಇನ್ನೊಂದು ಬಗೆಯ ಯಂತ್ರ ಉಪ್ಪನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಆಳಕ್ಕಿಳಿಯುತ್ತದೆ, ಆದರೆ ಮೊಳೆ ಯಾವುದು ಉಂಗುರ ಯಾವುದು ಎಂದು ಬೇರ್ಪಡಿಸಿ ಹೇಳುವುದು ಅದಕ್ಕೆ ಕಷ್ಟ. ಅದನ್ನು ಹಿಡಿದವರು ಮೊಣಕಾಲು ನೀರಿನಲ್ಲಿ ನಿಂತು ತುಕ್ಕು ಮೊಳೆಗಾಗಿ ಮೂರು ನಾಲ್ಕು ಬಾರಿ ಅಗೆಯಲು ತಯಾರಿರಬೇಕು. ಗುಂಡಿ ತೋಡಿದಷ್ಟೂ ಅಲೆ ತುಂಬುತ್ತದೆ.

ಎರಡನೆಯದು ಮರಳು. ಶಾಂತವಾದ ಬೇಸಿಗೆಯ ಅಲೆಗಳು ದಿನವೂ ಒಂದಿಷ್ಟು ಮರಳು ತಂದು ಪೇರಿಸುತ್ತವೆ. ಕೊರೆತ ತಡೆಯಲು ಸರ್ಕಾರವೂ ಸಮುದ್ರದಿಂದಲೋ ಲಾರಿಗಳಲ್ಲೋ ಮರಳು ತಂದು ತುಂಬಿಸುತ್ತದೆ. ಮನೆಮಠ ಉಳಿಸಲು ಅದು ಬೇಕೇ ಬೇಕು. ಯಂತ್ರ ನಾಣ್ಯವೊಂದನ್ನು ಕೇಳಿಸಿಕೊಳ್ಳುವುದು ಸುಮಾರು ಒಂದಡಿ ಆಳದವರೆಗೆ. ಮೇಲೆ ನಾಲ್ಕಡಿ ಹೊಸ ಮರಳು ಬಿದ್ದರೆ ಆ ದಂಡೆ ಮುಂದಿನ ದೊಡ್ಡ ಬಿರುಗಾಳಿಯವರೆಗೆ ಮೂಕ.

ಸಿಕ್ಕಿದ್ದೂ ಕೆಲವೊಮ್ಮೆ ಕೈಗೆ ದಕ್ಕುವುದಿಲ್ಲ. ಅಮೆರಿಕದ ಒಂದು ಸೆಂಟಿನ ನಾಣ್ಯ 1982ರಿಂದೀಚೆಗೆ ತಾಮ್ರದ ಲೇಪವಿರುವ ಸತುವು. ಲೇಪ ಎಲ್ಲಾದರೂ ಗೀರಿದರೆ ಉಪ್ಪುನೀರು ಒಳಗಿನಿಂದ ತಿಂದು, ಹೊರಗೆ ಬರುವಾಗ ತೂತುಬಿದ್ದ ಬಿಲ್ಲೆಯಾಗಿರುತ್ತದೆ. ಅಪಾಯವೂ ಇಲ್ಲದಿಲ್ಲ. ಫೋರ್ಟ್ ಪಿಯರ್ಸ್‌ನಂಥ ಹಳೆಯ ತರಬೇತಿ ನೆಲೆಗಳ ಸುತ್ತ ಸಿಡಿಯದ ಸ್ಫೋಟಕ ಇರಬಹುದು. ಗುರುತು ಸಿಗದ ದೊಡ್ಡ ಲೋಹದ ಕೊಳವೆ ಕಂಡರೆ ಅಗೆತ ನಿಲ್ಲಿಸಿ, ದೂರ ಸರಿದು ಪೊಲೀಸರಿಗೆ ಹೇಳಬೇಕು.

ಜೊತೆಗೆ ಕಡಲಾಮೆಗಳು. ಆ ತೀರದ ಆರ್ಚಿ ಕಾರ್ ವನ್ಯಧಾಮ ಲಾಗರ್‌ಹೆಡ್ ಆಮೆಗಳು ಮೊಟ್ಟೆಯಿಡುವ ಜಗತ್ತಿನ ಮುಖ್ಯ ತಾಣಗಳಲ್ಲೊಂದು. ಮಾರ್ಚ್‌ನಿಂದ ಅಕ್ಟೋಬರ್ ಕೊನೆಯವರೆಗೆ ಗೂಡಿನ ಕಾಲ. ಮುಚ್ಚದೆ ಬಿಟ್ಟ ಗುಂಡಿ ಸಮುದ್ರದತ್ತ ತೆವಳುವ ಪುಟ್ಟ ಮರಿಗೆ ಪಾಳುಬಾವಿ. ತೋಡಿದ ಗುಂಡಿಯನ್ನು ಮುಚ್ಚಿಯೇ ಮುಂದಿನ ಹೆಜ್ಜೆ ಇಡಬೇಕೆಂಬುದನ್ನು ಒಳ್ಳೆಯ ಹವ್ಯಾಸಿಗಳು ಕಟ್ಟಾಜ್ಞೆಯಂತೆ ಪಾಲಿಸುತ್ತಾರೆ. ಅಗೆದ ಕಸವನ್ನು ಮರಳಿಗೆ ವಾಪಸು ಹಾಕುವುದಿಲ್ಲ. ತುಕ್ಕು ಮೊಳೆ, ಗಾಳದ ಕೊಕ್ಕೆ, ಒಡೆದ ಡಬ್ಬಿಗಳಿಲ್ಲದ ದಂಡೆಯಲ್ಲಿ ಮಕ್ಕಳು ಬರಿಗಾಲಲ್ಲಿ ಓಡಬಹುದು.

ಸಿಕ್ಕಿದ್ದು ಯಾರದು?

ಈ ಪ್ರಶ್ನೆಗೆ ಉತ್ತರ ನೆಲದ ಮೇಲೆ ನಿಂತಿದೆ. ಫ್ಲೋರಿಡಾದಲ್ಲಿ ಸಾರ್ವಜನಿಕ ದಂಡೆಯ ಒಣಮರಳಿನಲ್ಲಿ ಹೆಚ್ಚಿನ ಕಡೆ ಹುಡುಕಬಹುದು. ನೀರಿಗಿಳಿದು ಹಳೆಯ ಹಡಗಿನ ವಸ್ತುಗಳನ್ನು ಎತ್ತುವ ಹಕ್ಕು ಮಾತ್ರ ಪರವಾನಗಿ ಪಡೆದವರಿಗೆ ಸೇರಿದ್ದು. ಅವರೂ ಎತ್ತಿದ್ದನ್ನೆಲ್ಲ ವರದಿ ಮಾಡಬೇಕು; ಅದರಲ್ಲಿ ಶೇಕಡ 20ರವರೆಗೆ ಆರಿಸಿಕೊಳ್ಳುವ ಅವಕಾಶ ರಾಜ್ಯಕ್ಕಿದೆ. 2015ರಲ್ಲಿ ಹೀಗೆ ಪರವಾನಗಿಯಡಿ ಮುಳುಗಿದ ತಂಡವೊಂದಕ್ಕೆ 101 ಚಿನ್ನದ ನಾಣ್ಯ ಸಿಕ್ಕಿದವು. 51ನ್ನು ಲೆಕ್ಕ ಕೊಟ್ಟು 50ನ್ನು ಮುಚ್ಚಿಟ್ಟರು. 2024ರಲ್ಲಿ ರಾಜ್ಯದ ತನಿಖಾಧಿಕಾರಿಗಳು 37 ನಾಣ್ಯಗಳನ್ನು ಮರಳಿ ಪಡೆದರು. ಕದ್ದವುಗಳಲ್ಲಿ ಮೂರನ್ನು ಕದ್ದ ಮರುವರ್ಷವೇ ಸಮುದ್ರದ ತಳದಲ್ಲಿ ಇಟ್ಟು, ಬೇರೆಯವರಿಗೆ ಹೊಸದಾಗಿ ಸಿಕ್ಕಂತೆ ಮಾಡಿದ್ದರೆಂಬುದೂ ಹೊರಬಂತು. ನನಗೆ ಕಳವಿಗಿಂತ ಘೋರವೆನಿಸುವುದು ಇದು. ನಾಣ್ಯ ಇದ್ದ ಜಾಗವೇ ಅದರ ಸಾಕ್ಷ್ಯ. ಜಾಗ ಬದಲಿಸಿ ಇಟ್ಟರೆ ಸಾಕ್ಷಿಯ ಬಾಯಲ್ಲಿ ಸುಳ್ಳು ಹೇಳಿಸಿದಂತೆ.

ಬ್ರಿಟನ್ ಇದಕ್ಕೆ ಬೇರೊಂದು ದಾರಿ ಕಂಡುಕೊಂಡಿದೆ. 1996ರ ನಿಧಿ ಕಾಯ್ದೆಯ ಪ್ರಕಾರ ನಿಧಿಯೆನಿಸಿಕೊಳ್ಳುವ ವಸ್ತು ಸಿಕ್ಕರೆ ತಿಳಿಸಲೇಬೇಕು. ಸಂಗ್ರಹಾಲಯ ಅದನ್ನು ಉಳಿಸಿಕೊಂಡರೆ ತಜ್ಞರು ಕಟ್ಟಿದ ಬೆಲೆಯನ್ನು ಹುಡುಕಿದವರಿಗೂ ನೆಲದ ಒಡೆಯರಿಗೂ ಕೊಡುತ್ತಾರೆ. ಒಡೆದ ಹಡಗಿನ ವಸ್ತುವಾದರೆ ಅದಕ್ಕೆಂದೇ ಇರುವ ಅಧಿಕಾರಿಗೆ 28 ದಿನದೊಳಗೆ ಹೇಳಬೇಕು. ನಿಧಿಯ ಲೆಕ್ಕಕ್ಕೆ ಬಾರದ ಗುಂಡಿ, ಬಕಲು, ಸವೆದ ನಾಣ್ಯಗಳನ್ನು ಸ್ವಇಚ್ಛೆಯಿಂದ ತಂದು ತೋರಿಸಲು 1997ರಲ್ಲಿ ಒಂದು ಯೋಜನೆ ಶುರುವಾಯಿತು. ಇಂಗ್ಲೆಂಡ್, ವೇಲ್ಸ್‌ಗಳ ಬೇರೆ ಬೇರೆ ಭಾಗಗಳಲ್ಲಿ ಇದಕ್ಕೆಂದೇ ಪುರಾತತ್ವ ಬಲ್ಲ ಅಧಿಕಾರಿಗಳಿದ್ದಾರೆ. ತಂದದ್ದನ್ನು ಅಳೆದು, ತೂಗಿ, ಚಿತ್ರ ತೆಗೆದು, ಸಿಕ್ಕ ಜಾಗ ಬರೆದುಕೊಂಡು ವಸ್ತುವನ್ನು ವಾಪಸು ಕೊಡುತ್ತಾರೆ. ಹೀಗೆ ದಾಖಲಾದವು ಹದಿನೈದು ಲಕ್ಷಕ್ಕೂ ಹೆಚ್ಚು. ಹವ್ಯಾಸಿಯನ್ನು ಕಳ್ಳನೆಂದು ನೋಡದೆ ಕೆಲಸಗಾರನೆಂದು ನೋಡಿದ್ದರ ಫಲವಿದು.

ನಮ್ಮ ತೀರಕ್ಕೆ ಬೇಕಾದದ್ದು

ನಮ್ಮಲ್ಲಿ ಮೆಟಲ್ ಡಿಟೆಕ್ಟರ್ ಎಂದರೆ ನೆನಪಾಗುವುದು ಮಾಲುಗಳ ಬಾಗಿಲು. ಇಲ್ಲವೇ ಹಾಳುಬಿದ್ದ ಗುಡಿಯ ಗರ್ಭಗೃಹ ಅಗೆದ ನಿಧಿಗಳ್ಳರ ಸುದ್ದಿ. ವಿಗ್ರಹದ ಬುಡ ಕಿತ್ತು, ಶಾಸನಕಲ್ಲು ಒಡೆದು ಹಾಕಿದ ಊರುಗಳು ಕರ್ನಾಟಕದಲ್ಲಿ ಎಷ್ಟೋ ಇವೆ. ಹಾಗಾಗಿ ಯಂತ್ರದ ಮೇಲಿನ ಅನುಮಾನ ನ್ಯಾಯವಾದದ್ದೇ. ನೆಲದಲ್ಲಿ ಹುದುಗಿದ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾನೂನು ಈ ದೇಶದಲ್ಲಿ 1878ರಷ್ಟು ಹಳೆಯದು. ಸಂರಕ್ಷಿತ ಸ್ಮಾರಕಗಳ ನೆಲ ಅಗೆಯುವುದು ಅಪರಾಧ. ಇವು ಇರಲೇಬೇಕು.

ಆದರೂ ನಮ್ಮ ಕರಾವಳಿಯ ಕಡೆ ನೋಡಿದರೆ ಒಂದು ಮಾತು ಹೇಳಬೇಕೆನಿಸುತ್ತದೆ. ಬಾರಕೂರು, ಬಸರೂರು, ಭಟ್ಕಳ, ಹೊನ್ನಾವರಗಳು ಶತಮಾನಗಳ ಕಾಲ ಅರಬರು, ಪೋರ್ಚುಗೀಸರು ಬಂದುಹೋದ ವ್ಯಾಪಾರದ ಊರುಗಳು. ಮಳೆಗಾಲದಲ್ಲಿ ಕಡಲು ಈ ತೀರವನ್ನೂ ಕೊರೆಯುತ್ತದೆ. ಮೀನುಗಾರರ ಬಲೆಗೆ, ಮನೆಯ ಅಡಿಪಾಯ ತೋಡುವವರ ಗುದ್ದಲಿಗೆ, ದಂಡೆಯಲ್ಲಿ ಆಡುವ ಮಕ್ಕಳ ಕೈಗೆ ಏನೋ ಒಂದು ಹಳೆಯದು ಸಿಕ್ಕರೆ ಮೊದಲು ಹುಟ್ಟುವುದು ಭಯ. ಹೇಳಿದರೆ ಪೊಲೀಸು, ಕಚೇರಿ, ಅಲೆದಾಟ. ಹೇಳದಿದ್ದರೆ ಅದು ಅಕ್ಕಸಾಲಿಯ ಮೂಸೆ ಸೇರುತ್ತದೆ, ಇಲ್ಲವೇ ಗುಜರಿ ಸೇರುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯಿತು.

ಮಲ್ಪೆ, ಗೋಕರ್ಣಗಳಲ್ಲಿ ಜನ ಡಿಟೆಕ್ಟರ್ ಹಿಡಿದು ಅಡ್ಡಾಡಲಿ ಎಂದು ನಾನು ಹೇಳುತ್ತಿಲ್ಲ. ಯಂತ್ರಕ್ಕಿಂತ ಮೊದಲು ಬೇಕಾದದ್ದು ಬೇರೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ತಿಂಗಳಿಗೊಂದು ದಿನ, ಸಿಕ್ಕಿದ್ದನ್ನು ಹೆದರದೆ ತಂದಿಡಬಹುದಾದ ಒಂದು ಮೇಜು. ಅದರ ಹಿಂದೆ ನಾಣ್ಯ, ಲೋಹ, ಲಿಪಿ ಬಲ್ಲ ಒಬ್ಬ ಅಧಿಕಾರಿ. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂದು ಬರೆದುಕೊಳ್ಳುವ ಒಂದು ಪುಸ್ತಕ. ಪ್ರಾಮಾಣಿಕವಾಗಿ ತಂದವರಿಗೆ ಒಂದು ಗೌರವ, ಕಾನೂನು ಒಪ್ಪುವಷ್ಟು ಬಹುಮಾನ. ಹದಿನೈದು ಡಾಲರಿನ ಗುಜರಿ ಯಂತ್ರದಿಂದ ಒಬ್ಬ ಗುತ್ತಿಗೆದಾರ ಮುಳುಗಿದ ಹಡಗುಪಡೆಯೊಂದನ್ನು ಪತ್ತೆಮಾಡಲು ಸಾಧ್ಯವಾದದ್ದು ಸಿಕ್ಕ ಪ್ರತಿ ಮೊಳೆಯನ್ನೂ ಕೂಡಿಡುವ ತಾಳ್ಮೆಯಿಂದ. ಆ ತಾಳ್ಮೆಗೆ ಸರ್ಕಾರ ಒಂದು ಜಾಗ ಮಾಡಿಕೊಟ್ಟರೆ, ನಮ್ಮ ಬಂದರುಗಳ ಚರಿತ್ರೆಯ ಎಷ್ಟೋ ಖಾಲಿ ಪುಟಗಳನ್ನು ಕರಾವಳಿಯ ಜನರೇ ತುಂಬಿಸುತ್ತಾರೆ.